ಸ್ಕೆಲಿಗ್ ದೋಣಿ: ಮಧ್ಯಾಹ್ನದ ಆಟಕ್ಕೇ ಟಿಕೆಟ್ ತಗೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಇದು ಸ್ಕೆಲಿಗ್ ಮೈಕಲ್ ದ್ವೀಪದ ಮೇಲೆ ಇಳಿಸುವ ದೋಣಿಯ ವಿಮರ್ಶೆ ಅಲ್ಲ. ಇಳಿಸದೆ, ಸ್ಕೆಲಿಗ್ ಮೈಕಲ್, ಪಕ್ಕದ ಲಿಟಲ್ ಸ್ಕೆಲಿಗ್ ಎಂಬ ಎರಡು ಬಂಡೆಗಳಿಗೆ ಒಂದೊಂದು ಪ್ರದಕ್ಷಿಣೆ ಹಾಕಿಸಿ ವಾಪಸ್ ತಂದುಬಿಡುವ ದೋಣಿಯದು. ಐರ್ಲೆಂಡಿನ ಕೆರಿ ಕೌಂಟಿಯ ಪೋರ್ಟ್‌ಮಗೀ ಎಂಬ ಪುಟ್ಟ ಬಂದರಿನಲ್ಲಿ ಇದಕ್ಕೆ ಇಕೋ ಟೂರ್ ಅನ್ನುತ್ತಾರೆ. ನಾವು ದುಡ್ಡು ಕಟ್ಟಿದ್ದು ಇಳಿಯುವುದಕ್ಕೆ. ಸಿಕ್ಕಿದ್ದು ಪ್ರದಕ್ಷಿಣೆ. ಕ್ಯಾಮೆರಾ ಹಿಡಿದು ಹೋಗುವವರು ಯಾರಾದರೂ ಕೇಳಿದರೆ ಈಗ ನಾನು ಪ್ರದಕ್ಷಿಣೆಗೇ ಹೋಗಿ ಅನ್ನುತ್ತೇನೆ. ಅದೂ ಮಧ್ಯಾಹ್ನದ್ದಕ್ಕೆ.

ನನ್ನ ಕಸುಬು ಬ್ಯಾಂಕಿನದು, ಈಗ ರಿಟೈರ್ ಆಗಿದ್ದೇನೆ. ಹುಚ್ಚು ನಾಟಕದ್ದು. ನಟ ಅಲ್ಲ. ಮೂವತ್ತು ವರ್ಷ ಒಂದು ಹವ್ಯಾಸಿ ತಂಡಕ್ಕೆ ಲೈಟಿಂಗ್ ಮಾಡಿದೆ. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಮುಂದೆ ಕೂತು ಕೂತು ಕಣ್ಣಿಗೆ ಒಂದು ಚಾಳಿ ಹತ್ತಿದೆ. ಏನೇ ನೋಡಿದರೂ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅಂತ ಮೊದಲು ಹುಡುಕುತ್ತೇನೆ. ರಿಟೈರ್ ಆದ ಮೇಲೆ ಹಕ್ಕಿ ಫೋಟೋದ ಗೀಳೂ ಸೇರಿಕೊಂಡಿತು. ಮಗಳು, ಅಳಿಯ ಇಬ್ಬರೂ ಕಾರ್ಕ್‌ನಲ್ಲಿ ಕೆಲಸ ಮಾಡುತ್ತಾರೆ. ಜೂನ್ ಕೊನೆಗೆ ನಾನೂ ನನ್ನಾಕೆಯೂ ಹೋದಾಗ ಮಗಳು, “ಅಪ್ಪಾ, ನಿಮಗೆ ಪಫಿನ್ ತೋರಿಸ್ತೀನಿ” ಅಂದಳು. ಪಫಿನ್ ಅಂದರೆ ಬಣ್ಣದ ಕೊಕ್ಕಿನ ಪುಟ್ಟ ಕಡಲ ಹಕ್ಕಿ. ಆಗಸ್ಟ್ ಬಂತೆಂದರೆ ಪಫಿನ್‌ಗಳು ಗೂಡು ಬಿಟ್ಟು ನಡುಸಮುದ್ರಕ್ಕೆ ಹೊರಟುಹೋಗುತ್ತವೆ. ಹಾಗಾಗಿ ಮುಂದೂಡುವ ಹಾಗಿರಲಿಲ್ಲ.

ಇಳಿಯುವ ಟಿಕೆಟ್ ಸಿಗುವುದೇ ಕಷ್ಟ. ಲೈಸೆನ್ಸ್ ಇರುವುದು 15 ದೋಣಿಗಳಿಗೆ. ಒಂದೊಂದಕ್ಕೆ 12 ಜನ. ದಿನಕ್ಕೆ 180 ಮಂದಿ, ಅಷ್ಟೇ. ಅದೂ ಮೇ ಮಧ್ಯದಿಂದ ಸೆಪ್ಟೆಂಬರ್ ತನಕ ಮಾತ್ರ. 1996ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ, ಸಾಲದ್ದಕ್ಕೆ 2015ರ ಸ್ಟಾರ್ ವಾರ್ಸ್ ಚಿತ್ರದ ಕೊನೆಯ ದೃಶ್ಯ ತೆಗೆದದ್ದೂ ಇಲ್ಲೇ. ಇನ್ನು ಕೇಳಬೇಕಾ? ಮಗಳು ತಿಂಗಳುಗಳ ಮುಂಚೆಯೇ ಬುಕ್ ಮಾಡಿದ್ದಳು. ತಲೆಗೆ ನೂರು ಯೂರೋ ದಾಟಿತ್ತು.

ಕಾರ್ಕ್‌ನಿಂದ ಕಿಲಾರ್ನಿ, ಕಾಹರ್ಸಿವೀನ್ ಹಾದು ಪೋರ್ಟ್‌ಮಗೀಗೆ ಸುಮಾರು ಮೂರು ಗಂಟೆ ದಾರಿ. ಹಿಂದಿನ ದಿನವೇ ಹೋಗಿ ಉಳಿದೆವು. ಸಂಜೆ ಏಳಕ್ಕೆ ಮೆಸೇಜು ಬಂತು. ನಾಳೆ ಇಳಿಯಲು ಆಗುವುದಿಲ್ಲ, ಸ್ವೆಲ್ ಜಾಸ್ತಿ ಇದೆ. ಬೆಳಿಗ್ಗೆ ಎದ್ದು ನೋಡಿದರೆ ಆಕಾಶ ನೀಲಿ, ಬಂದರಿನ ನೀರು ಚಾಪೆ ಹಾಸಿದ ಹಾಗಿದೆ. ನನಗೆ ಪಿತ್ತ ನೆತ್ತಿಗೇರಿತು. ದುಡ್ಡು ಹೊಡೆಯೋಕೆ ನೆಪ ಅಂತಲೇ ಅಂದುಕೊಂಡೆ.

ನನ್ನದು ತಪ್ಪು ತಿಳುವಳಿಕೆ. ಬಲೆ ರಿಪೇರಿ ಮಾಡುತ್ತಾ ಕೂತಿದ್ದ ಒಬ್ಬರು ಸಮಾಧಾನವಾಗಿ ಬಿಡಿಸಿ ಹೇಳಿದರು. ಇಲ್ಲಿ ಬೀಸುವ ಗಾಳಿ ಎಬ್ಬಿಸುವ ಅಲೆ ಬೇರೆ, ದೂರದ ಅಟ್ಲಾಂಟಿಕ್‌ನಲ್ಲಿ ಎಂದೋ ಎದ್ದ ಬಿರುಗಾಳಿ ಕಳಿಸುವ ಉದ್ದನೆಯ ಅಲೆ ಬೇರೆ. ಆ ಎರಡನೆಯದೇ ಸ್ವೆಲ್. ನಡುನೀರಿನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಬಂಡೆಗೆ ಬಂದು ತಾಗಿದಾಗ ಮಾತ್ರ ಮೈ ತೋರಿಸುತ್ತದೆ. ದ್ವೀಪದಲ್ಲಿ ದೋಣಿ ಕಟ್ಟುವ ಸಣ್ಣ ಕಟ್ಟೆಯ ಬಳಿ ದೋಣಿ ಲಿಫ್ಟ್ ಥರ ಏರುತ್ತದೆ, ಇಳಿಯುತ್ತದೆ. ಏರಿದ ಗಳಿಗೆಯಲ್ಲೇ ಕಾಲು ಎತ್ತಿ ಕಟ್ಟೆಗೆ ಇಡಬೇಕು. ಒಂದು ಕ್ಷಣ ತಡವಾದರೆ ದೋಣಿಗೂ ಕಲ್ಲಿಗೂ ನಡುವೆ ಕಾಲು. ಅದಾದ ಮೇಲೆ 618 ಕಲ್ಲು ಮೆಟ್ಟಿಲು, ಬಹುಪಾಲು ಕಡೆ ಹಿಡಿಯಲು ಕಂಬಿಯಿಲ್ಲ. ನನ್ನ ಮಂಡಿ ನನಗೆ ಗೊತ್ತು. ಸಿಟ್ಟು ಇಳಿಯಿತು.

ಇಳಿಸುವ ದೋಣಿಯವರ ಮೇಲೆ ನನ್ನ ದೂರು ಇರುವುದು ಬೇರೆಯದಕ್ಕೆ. ರದ್ದು ಮಾಡಿದ್ದು ಸರಿ, ದುಡ್ಡು ವಾಪಸ್ ಬಂದದ್ದೂ ಸರಿ. ಆದರೆ ಅದು ಯಾವಾಗ ಬರುತ್ತೆ, ಮರುದಿನ ಜಾಗ ಇದೆಯಾ ಅಂತ ಕೇಳಲು ಮಗಳು ಆರು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ದುಡ್ಡು ಬರಲು ಹದಿಮೂರು ದಿನ ಹಿಡಿಯಿತು. ಹೆಸರು ಬೇಡ. ನೀವು ಬುಕ್ ಮಾಡುವಾಗ ಮಾತ್ರ ರೀಫಂಡ್ ಎಷ್ಟು ದಿನಕ್ಕೆ ಅಂತ ಮೊದಲೇ ಬರೆಸಿಕೊಳ್ಳಿ.

ಅಷ್ಟರಲ್ಲಿ ಬೇರೊಂದು ದೋಣಿಯವರ ಎರಡೂವರೆ ಗಂಟೆಯ ಇಕೋ ಟೂರ್‌ನಲ್ಲಿ ನಾಲ್ಕು ಸೀಟು ಇತ್ತು. ತಲೆಗೆ ಐವತ್ತು ಯೂರೋ. ಒಲ್ಲದ ಮನಸ್ಸಿನಿಂದಲೇ ಹತ್ತಿದೆ.

ದೋಣಿ ದೊಡ್ಡದಲ್ಲ. ಮುಂದೆ ನಾಯಕನ ಕ್ಯಾಬಿನ್, ಹಿಂದೆ ತೆರೆದ ಜಾಗದಲ್ಲಿ ಎರಡು ಬದಿಗೂ ಬೆಂಚು. ಲೈಫ್ ಜಾಕೆಟ್ ಕೊಟ್ಟರು, ಅದರ ಮೇಲೆ ಮೊಣಕಾಲು ಮುಚ್ಚುವ ಒಂದು ದಪ್ಪ ಮಳೆಕೋಟು ಕೊಟ್ಟರು. ಬಿಸಿಲಿಗೆ ಇದೇಕೆ ಅಂತ ಅಳಿಯ ತೆಗೆದಿಟ್ಟ. ಬಂದರಿನ ಬಾಯಿ ದಾಟಿದ ಐದನೇ ನಿಮಿಷಕ್ಕೆ ತೊಟ್ಟುಕೊಂಡ.

ಸೀಟಿನ ವಿಷಯ ಕೇಳಿಸಿಕೊಳ್ಳಿ. ಎಲ್ಲರೂ ಅಂಚಿಗೆ ನುಗ್ಗುತ್ತಾರೆ. ನೀವು ಕ್ಯಾಬಿನ್ನಿನ ಹಿಂಗೋಡೆಗೆ ಬೆನ್ನು ಕೊಟ್ಟು ಕೂರಿ. ಅಲ್ಲಿ ನೀರು ಎರಚುವುದು ಕಡಿಮೆ, ಒರಗಲು ಗೋಡೆ ಇರುತ್ತದೆ, ಎರಡು ಕಡೆಗೂ ತಿರುಗಬಹುದು. ಹೋಗುವಾಗ ಹಿಂದಕ್ಕೆ ನೋಡುತ್ತಾ ಕೂರಬೇಕು ಅನ್ನುವುದೊಂದೇ ಕಷ್ಟ. ಹೊಟ್ಟೆ ಸೂಕ್ಷ್ಮ ಇದ್ದವರಿಗೆ ಆಗುವುದಿಲ್ಲ. ನಮ್ಮ ಅಳಿಯ ಇಪ್ಪತ್ತನೇ ನಿಮಿಷಕ್ಕೆ, “ಮಾವ, ಸ್ವಲ್ಪ ಆ ಕವರ್ ಕೊಡಿ” ಅಂದ. ಕೊಟ್ಟೆ. ಅದು ನನ್ನ ಲೆನ್ಸ್ ಕವರ್. ಆ ಕತೆ ಇಲ್ಲಿಗೆ ಸಾಕು.

ಲಿಟಲ್ ಸ್ಕೆಲಿಗ್ ಮೊದಲು ಬರುವುದು ಮೂಗಿಗೆ. ಮೀನಿನ ವಾಸನೆ, ಅದರ ಜೊತೆ ಕಣ್ಣು ಉರಿಸುವ ಘಾಟು. ದೂರದಿಂದ ಬಂಡೆಯ ನೆತ್ತಿಗೆ ಸುಣ್ಣ ಬಳಿದಂತೆ ಕಾಣುತ್ತದೆ. ಹತ್ತಿರ ಹೋದಂತೆ ಸುಣ್ಣ ಅಲುಗಾಡುತ್ತದೆ. ಅರ್ಧ ಹಿಕ್ಕೆ, ಅರ್ಧ ಹಕ್ಕಿ. ಗ್ಯಾನೆಟ್‌ಗಳು. 2014ರಲ್ಲಿ ಎಣಿಸಿದಾಗ ಇಲ್ಲಿ 35,000ಕ್ಕೂ ಹೆಚ್ಚು ಜೋಡಿ ಇದ್ದವು. ಐರ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡ ಗ್ಯಾನೆಟ್ ವಸತಿ ಇಲ್ಲ. ಈ ಬಂಡೆಗೆ ಯಾರೂ ಇಳಿಯುವ ಹಾಗಿಲ್ಲ. ನೂರು ಕೊಟ್ಟವರಿಗೂ ಐವತ್ತು ಕೊಟ್ಟವರಿಗೂ ಇಲ್ಲಿ ಒಂದೇ ಕ್ಲಾಸು.

ಈಗ ಬೆಳಕಿನ ಮಾತು. ದೋಣಿ ಹೋಗುವುದು ದಡದಿಂದ ನೈಋತ್ಯಕ್ಕೆ. ಬೆಳಗಿನ ದೋಣಿಯವರಿಗೆ ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ಎಲ್ಲವೂ ಚೆನ್ನಾಗಿ ಕಾಣುತ್ತದೆ, ಆದರೆ ಬಿಳಿ ಹಕ್ಕಿ ಬಿಳಿ ಹಿಕ್ಕೆಯ ಮೇಲೆ ಚಪ್ಪಟೆಯಾಗಿ ಕಾಣುತ್ತದೆ. ಬರೀ ಫ್ರಂಟ್ ಲೈಟ್ ಹಾಕಿ ನಾಟಕ ಮಾಡಿದ ಹಾಗೆ. ನಾವು ತಲುಪಿದಾಗ ಮೂರೂ ಕಾಲು. ಸೂರ್ಯ ನೈಋತ್ಯಕ್ಕೆ ಹೊರಳಿದ್ದ. ನಮಗೆದುರಾದ ಬಂಡೆಯ ಮೈಯೆಲ್ಲ ನೆರಳಲ್ಲಿ ಕಪ್ಪು ಪರದೆಯಾಗಿತ್ತು. ನೆತ್ತಿಯಿಂದ ಎದ್ದ ಒಂದೊಂದು ಹಕ್ಕಿಯೂ ಹಿಂದಿನ ಬೆಳಕಿಗೆ ಸಿಕ್ಕಿ ರೆಕ್ಕೆಯ ಅಂಚು ಹೊತ್ತಿಕೊಂಡಂತೆ ಹೊಳೆಯುತ್ತಿತ್ತು. ಆ ರೆಕ್ಕೆ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 1.8 ಮೀಟರ್. ಬ್ಯಾಕ್ ಲೈಟ್‌ಗೆ ಅಂತ ಎರಡು ಸ್ಪಾಟ್ ಜಾಸ್ತಿ ಬಾಡಿಗೆಗೆ ತರಲು ನಮ್ಮ ಖಜಾಂಚಿಯ ಹತ್ತಿರ ನಾನು ಎಷ್ಟು ಜಗಳ ಆಡಿದ್ದೆನೋ ಲೆಕ್ಕವಿಲ್ಲ. ಇಲ್ಲಿ ಸೂರ್ಯ ಪುಕ್ಕಟೆ ಕೊಡುತ್ತಿದ್ದ.

ಫೋಟೋ ತೆಗೆಯುವವರಿಗೆ: ನನ್ನ ಹತ್ತಿರ ಇದ್ದದ್ದು 100-400 ಲೆನ್ಸ್. ಹಕ್ಕಿಗಳು ತಲೆಯ ಮೇಲೇ ಹಾರುವುದರಿಂದ 200ರ ಆಚೀಚೆಯಲ್ಲೇ ಹೆಚ್ಚು ಕೆಲಸ ಆಯಿತು. ಶಟರ್ 1/2500. ಇದಕ್ಕಿಂತ ಕಮ್ಮಿ ಆದರೆ ಹಕ್ಕಿಯ ವೇಗಕ್ಕಿಂತ ದೋಣಿಯ ಓಲಾಟಕ್ಕೇ ಚಿತ್ರ ಕೆಡುತ್ತದೆ. ಕಪ್ಪು ಬಂಡೆ ನೋಡಿ ಕ್ಯಾಮೆರಾ ಮೋಸ ಹೋಗುತ್ತದೆ, ಬೆಳಕು ಜಾಸ್ತಿ ಬಿಟ್ಟು ಹಕ್ಕಿಯನ್ನು ಸುಣ್ಣದ ಉಂಡೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಮೈನಸ್ ಒಂದಕ್ಕೆ ಇಳಿಸಿಟ್ಟುಕೊಳ್ಳಿ. ಲೆನ್ಸ್ ಬದಲಾಯಿಸುವ ಯೋಚನೆ ಬೇಡ. ಉಪ್ಪುನೀರು ಒಳಗೆ ಹೋದರೆ ಕ್ಯಾಮೆರಾಗೆ ಅದೇ ಕೊನೆ.

ನನ್ನ 900 ಚಿತ್ರಗಳಲ್ಲಿ ಹಾರುವ ಹಕ್ಕಿಗಿಂತ ಕೂತ ಹಕ್ಕಿಯದೇ ನನಗೆ ಇಷ್ಟ. ಗ್ಯಾನೆಟ್ ಗೂಡುಗಳು ಒಂದಕ್ಕೊಂದು ಕೊಕ್ಕು ಚಾಚಿದರೆ ತಾಗುವಷ್ಟೇ ದೂರ. ಒಂದು ಅಂಗುಲ ಆಚೆ ಹೋದರೆ ಪಕ್ಕದ ಮನೆಯವರು ಕುಕ್ಕುತ್ತಾರೆ. ಸಮುದ್ರದಿಂದ ಗಂಡ ವಾಪಸ್ ಬಂದಾಗ ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತು ಕೊಕ್ಕಿಗೆ ಕೊಕ್ಕು ಕತ್ತಿಯಂತೆ ತಾಗಿಸುತ್ತಾರೆ, ತಲೆ ಬಾಗಿಸುತ್ತಾರೆ, ಮತ್ತೆ ತಾಗಿಸುತ್ತಾರೆ. ಗೂಡು ಬಿಟ್ಟು ಹೊರಡುವ ಹಕ್ಕಿ ಅದಕ್ಕೆ ಮುಂಚೆ ಕುತ್ತಿಗೆ ನೀಳವಾಗಿ ಎತ್ತಿ ಕೊಕ್ಕನ್ನು ನೇರ ಆಕಾಶಕ್ಕೆ ಹಿಡಿದು ನಿಲ್ಲುತ್ತದೆ. ‘ನಾನು ಹೊರಟೆ, ಮೊಟ್ಟೆ ನೋಡ್ಕೋ’ ಅಂತ ಅದರ ಅರ್ಥ. ಹಾಗೇ ಸುಮ್ಮನೆ ಎದ್ದು ಹೋಗುವ ಹಕ್ಕಿಯನ್ನು ನಾನು ಅಲ್ಲಿ ನೋಡಲಿಲ್ಲ. ನಿರ್ಗಮನಕ್ಕೂ ಒಂದು ಅಭಿನಯ ಬೇಕು ಅಂತ ನಮ್ಮ ಹುಡುಗರಿಗೆ ಹೇಳಿ ಹೇಳಿ ನಿರ್ದೇಶಕರ ಗಂಟಲು ಒಣಗಿತ್ತು. ಮಾತು ಮುಗಿದ ತಕ್ಷಣ ಬಸ್ ತಪ್ಪಿಹೋಗುತ್ತೆ ಅನ್ನುವ ಹಾಗೆ ಒಳಗೆ ಓಡುತ್ತಿದ್ದರು, ನನ್ನ ಸ್ಪಾಟ್ ಖಾಲಿ ರಂಗದ ಮೇಲೆ ಪೆಚ್ಚಾಗಿ ನಿಲ್ಲುತ್ತಿತ್ತು.

ಮೀನಿಗೆ ಧುಮುಕುವುದನ್ನು ಕೂಡ ನೋಡಿದೆವು, ಆದರೆ ಬಂಡೆಯ ಹತ್ತಿರ ಅಲ್ಲ, ವಾಪಸ್ ಬರುವಾಗ. 30 ಮೀಟರ್ ಎತ್ತರದಿಂದಲೂ ಧುಮುಕಬಲ್ಲ ಹಕ್ಕಿ ಇದು. ನೀರು ಮುಟ್ಟುವ ವೇಗ ಗಂಟೆಗೆ ಸುಮಾರು 100 ಕಿಲೋಮೀಟರ್. ಮೂಗಿನ ಹೊಳ್ಳೆ ಹೊರಗೆ ತೆರೆದಿಲ್ಲ, ಮುಖದ, ಎದೆಯ ಚರ್ಮದಡಿ ಗಾಳಿಯ ಚೀಲಗಳಿವೆ. ಅದಕ್ಕೇ ತಲೆ ಒಡೆಯುವುದಿಲ್ಲ. ನನಗೆ ಸಿಕ್ಕಿದ್ದು ನೀರು ಚಿಮ್ಮಿದ ಹನ್ನೊಂದು ಚಿತ್ರ. ಹಕ್ಕಿ ಒಂದರಲ್ಲೂ ಇಲ್ಲ.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಎರಡು ಸಂಗತಿ ಕಂಡವು. ಗೂಡಿನ ಕಡಲಪಾಚಿಯ ನಡುವೆ ಕಿತ್ತಳೆ ಬಣ್ಣದ ನೈಲಾನ್ ಹಗ್ಗದ ಚೂರು. ಮೀನುಬಲೆಯದಿರಬೇಕು. ಇನ್ನೊಂದು, ಕಣ್ಣು. ಗ್ಯಾನೆಟ್ ಕಣ್ಣು ತಿಳಿ ನೀಲಿ, ಅಂಚಿಗೆ ಕಾಡಿಗೆ ತೀಡಿದ ಹಾಗೆ ಗೆರೆ. 2022ರಲ್ಲಿ ಹಕ್ಕಿಜ್ವರ ಬಂದು ಈ ಕಡೆಯ ಗ್ಯಾನೆಟ್‌ಗಳಿಗೆ ದೊಡ್ಡ ಪೆಟ್ಟು ಬಿತ್ತು. ಜ್ವರ ಬಂದು ಬದುಕಿದ ಹಕ್ಕಿಗಳಲ್ಲಿ ಕೆಲವಕ್ಕೆ ಕಣ್ಣು ಕಪ್ಪಾಗುತ್ತದೆ ಅಂತ ಸ್ಕಾಟ್ಲೆಂಡಿನ ಗ್ಯಾನೆಟ್ ದ್ವೀಪ ಬಾಸ್ ರಾಕ್‌ನಲ್ಲಿ ಕಂಡುಕೊಂಡಿದ್ದಾರೆ. ನನ್ನ ಒಂದು ಚಿತ್ರದಲ್ಲಿ ಒಂದು ಹಕ್ಕಿಯ ಕಣ್ಣು ಕಪ್ಪಗಿದೆ. ನೆರಳಾ, ಜ್ವರವಾ, ಹೇಳಲಾರೆ. ಆ ಚಿತ್ರವನ್ನೇ ಜಾಸ್ತಿ ಸಲ ತೆಗೆದು ನೋಡಿದ್ದೇನೆ.

ಅಲ್ಲಿಂದ ಸ್ಕೆಲಿಗ್ ಮೈಕಲ್. 218 ಮೀಟರ್ ಎತ್ತರದ ಚೂಪು ಬಂಡೆ. ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ ಸನ್ಯಾಸಿಗಳು ಬಂದು ಸಮುದ್ರದಿಂದ ಸುಮಾರು 180 ಮೀಟರ್ ಮೇಲೆ ಮಠ ಕಟ್ಟಿಕೊಂಡರು. ಗಾರೆ ಇಲ್ಲ, ಮರ ಇಲ್ಲ. ಚಪ್ಪಟೆ ಕಲ್ಲುಗಳನ್ನು ಸುತ್ತಲೂ ಪೇರಿಸುತ್ತಾ, ಒಂದೊಂದು ವರಸೆಯನ್ನೂ ಸ್ವಲ್ಪ ಸ್ವಲ್ಪ ಒಳಕ್ಕೆ ಸರಿಸುತ್ತಾ ಮೇಲೆ ಮುಚ್ಚಿದ ಗುಡಿಸಲುಗಳು. ಜೇನುಗೂಡಿನ ಆಕಾರ. ಅಂಥವು ಆರು ಇನ್ನೂ ಇವೆ. ಕೆಳಗಿನಿಂದ ನೋಡಿದರೆ ಮೆಟ್ಟಿಲು ಒಂದು ನೂಲಿನ ಹಾಗೆ ಮೇಲೇರಿ ಮಾಯವಾಗುತ್ತದೆ. ಗುಡಿಸಲುಗಳು ದೋಣಿಯಿಂದ ಅರ್ಧ ನಿಮಿಷ ಮಾತ್ರ ಕಂಡವು, ಒಂದು ತಿರುವಿನಲ್ಲಿ. ಆ ಅರ್ಧ ನಿಮಿಷ ನಾನು ಕ್ಯಾಮೆರಾದ ಕಾರ್ಡ್ ಬದಲಾಯಿಸುತ್ತಿದ್ದೆ. ನನ್ನಾಕೆ ಮೊಬೈಲಿನಲ್ಲಿ ತೆಗೆದದ್ದೇ ನಮ್ಮ ಮನೆಯಲ್ಲಿರುವ ಒಂದೇ ಚಿತ್ರ. ಇಳಿಯದಿದ್ದರೆ ಕಳೆದುಕೊಳ್ಳುವುದು ಇದನ್ನೇ. ಮಠವೇ ಮುಖ್ಯ ಅನ್ನುವವರಿಗೆ ನನ್ನ ಸಲಹೆ ಹೊಂದುವುದಿಲ್ಲ. ಅವರು ನೂರು ಕೊಟ್ಟು, ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು, ಸಮುದ್ರದ ಮನಸ್ಸು ಕಾಯಬೇಕು.

ಹಗಲು ಕಾಣದ ಇನ್ನೊಂದು ಸಂಗತಿ ದೋಣಿಯವರು ಹೇಳಿದರು. ಆ ಮಠದ ಕಲ್ಲುಗೋಡೆಯ ಸಂದುಗಳಲ್ಲಿ ಸ್ಟಾರ್ಮ್ ಪೆಟ್ರೆಲ್ ಎಂಬ ಗುಬ್ಬಚ್ಚಿ ಗಾತ್ರದ ಕಡಲ ಹಕ್ಕಿ ಗೂಡು ಮಾಡುತ್ತದಂತೆ. ಬಂದು ಹೋಗುವುದೆಲ್ಲ ಕತ್ತಲಲ್ಲಿ. ಸನ್ಯಾಸಿಗಳು ಹದಿಮೂರನೇ ಶತಮಾನದ ಹೊತ್ತಿಗೆ ದಡದ ಬ್ಯಾಲಿನ್‌ಸ್ಕೆಲಿಗ್ಸ್‌ಗೆ ಹೋಗಿಬಿಟ್ಟರು. ಅವರ ಗೋಡೆಯ ಬಾಡಿಗೆದಾರರು ಈಗ ಇವರು.

ಪಫಿನ್ ಮರೆತೆನಾ? ಇಲ್ಲ. ಮೈಕಲ್ ಬಂಡೆಯ ಬುಡದ ನೀರಿನಲ್ಲಿ ನೂರಾರು ತೇಲುತ್ತಿದ್ದವು. ಅರ್ಧ ಕಿಲೋ ತೂಗದ ಹಕ್ಕಿ, ಚೌಕಿಯಿಂದ ಈಗಷ್ಟೇ ಎದ್ದು ಬಂದವನ ಹಾಗೆ ಮುಖಕ್ಕೆ ಬಣ್ಣ. ಕೊಕ್ಕಿನ ಆ ಬಣ್ಣದ ಹೊದಿಕೆಯನ್ನು ಮರಿ ಮಾಡುವ ಕಾಲ ಮುಗಿದ ಮೇಲೆ ಕಳಚಿಹಾಕುತ್ತದೆ, ಚಳಿಗಾಲಕ್ಕೆ ಬರೀ ಬೂದು ಮುಖ. ಸ್ಟಾರ್ ವಾರ್ಸ್‌ನವರಿಗೆ ಈ ಹಕ್ಕಿಗಳನ್ನು ಚಿತ್ರದಿಂದ ಅಳಿಸುವುದೇ ದೊಡ್ಡ ತಲೆನೋವಾಗಿ, ಕೊನೆಗೆ ಅವುಗಳ ಜಾಗಕ್ಕೇ ಪೋರ್ಗ್ ಎಂಬ ಪ್ರಾಣಿಯನ್ನು ಹುಟ್ಟಿಸಿದರಂತೆ. ಒಳ್ಳೆ ಉಪಾಯ. ಫೋಟೋ ಮಾತ್ರ ಇಲ್ಲಿ ಚೆನ್ನಾಗಿ ಬರುವುದಿಲ್ಲ. ದೋಣಿಯಿಂದ ಪಫಿನ್ ತೆಗೆಯುವುದೆಂದರೆ ತೊಟ್ಟಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸಿದ ಹಾಗೆ. ಪಫಿನ್ ಒಂದೇ ಬೇಕು ಅಂದರೆ ಇಳಿಯುವ ದೋಣಿಯೇ ಸರಿ.

1910ರಲ್ಲಿ ನಾಟಕಕಾರ ಬರ್ನಾರ್ಡ್ ಶಾ ಇಲ್ಲಿಗೆ ಹುಟ್ಟು ಹಾಕುವ ತೆರೆದ ದೋಣಿಯಲ್ಲಿ ಬಂದಿದ್ದರು. ಆಮೇಲೆ ಗೆಳೆಯನಿಗೆ ಕಾಗದ ಬರೆದು, ಇದು ನಾವು ನೀವು ಬಾಳುವ ಲೋಕದ್ದೇ ಅಲ್ಲ, ಕನಸಿನ ಲೋಕದ್ದು ಅಂದರು. ನಮ್ಮ ತಂಡ ಅವರ ನಾಟಕವನ್ನು ಒಮ್ಮೆ ಮಾಡಿ ಸೋತಿತ್ತು. ಅದಕ್ಕೇ ನನಗೆ ಅವರ ಮೇಲೆ ಸ್ವಲ್ಪ ಹಗೆ ಇತ್ತು. ಎಂಜಿನ್ ಇಲ್ಲದೆ ಈ ನೀರನ್ನು ದಾಟಿದ ಮನುಷ್ಯ ಅಂತ ಗೊತ್ತಾದ ಮೇಲೆ ಕಡಿಮೆಯಾಗಿದೆ.

ದೋಣಿಯ ಬಗ್ಗೆ ಎರಡು ದೂರು. ನಾಯಕ ತುಂಬಾ ವಿಷಯ ತಿಳಿದವರು, ಆದರೆ ಹೇಳುವುದೆಲ್ಲ ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಕೆರಿ ಕಡೆಯ ಇಂಗ್ಲಿಷಿನ ವೇಗ ಬೇರೆ. ಮಗಳು ನಮಗೆ ಅನುವಾದ ಮಾಡಬೇಕಾಯಿತು. ಒಂದು ಸಣ್ಣ ಮೈಕು ಇಟ್ಟರೆ ಆಗದಾ? ಎರಡನೆಯದು, ಲಿಟಲ್ ಸ್ಕೆಲಿಗ್ ಹತ್ತಿರ ನಿಂತದ್ದು ಬರೀ ಇಪ್ಪತ್ತು ನಿಮಿಷ. ಬಂಡೆಯ ಬುಡದಲ್ಲಿ ಬಿಸಿಲು ಕಾಯುತ್ತಿದ್ದ ಸೀಲ್‌ಗಳನ್ನು ನೋಡಲು ಅದರಲ್ಲೇ ಐದು ಹೋಯಿತು. ಒಳ್ಳೆಯದೂ ಹೇಳಬೇಕು. ಹಕ್ಕಿ ಹೆದರುವಷ್ಟು ಹತ್ತಿರ ಅವರು ಹೋಗಲಿಲ್ಲ. ಒಬ್ಬರು ಇನ್ನೂ ಹತ್ತಿರ ಹೋಗಿ ಅಂದಾಗ ನಕ್ಕು ತಲೆ ಅಲ್ಲಾಡಿಸಿ ದೋಣಿ ಹಿಂದಕ್ಕೇ ತೆಗೆದರು.

ದಡಕ್ಕೆ ಬಂದಾಗ ಐದು ಗಂಟೆ. ಪಬ್ಬಿನಲ್ಲಿ ಮೂವರಿಗೆ ಚೌಡರ್ ಎಂಬ ಗಟ್ಟಿ ಮೀನಿನ ಸೂಪು, ಕಂದು ಬ್ರೆಡ್ಡು. ನನ್ನಾಕೆ ಮೀನು ಮುಟ್ಟುವುದಿಲ್ಲ, ಅವಳಿಗೆ ಸ್ಕೋನ್ ಮತ್ತು ಚಹಾ. ಬೆಳಗಿನ ದೋಣಿಗೆ ಹೋಗಿದ್ದ ಒಬ್ಬರು ಪಕ್ಕದ ಮೇಜಿನಲ್ಲಿದ್ದರು. ಕ್ಯಾಮೆರಾ ಅದಲು ಬದಲು ಮಾಡಿ ನೋಡಿದೆವು. ನನ್ನದಕ್ಕಿಂತ ಮೂರು ಪಟ್ಟು ಬೆಲೆಯ ಲೆನ್ಸ್ ಅವರದು. ಚಿತ್ರಗಳು ಚಪ್ಪಟೆ. ಇದನ್ನು ಬರೆಯುವಾಗ ನನಗೆ ಒಳಗೊಳಗೇ ಖುಷಿ ಆಗುತ್ತಿದೆ, ಮುಚ್ಚಿಡುವುದಿಲ್ಲ.

ಮರುದಿನ ವಾಪಸ್ ಹೋಗುವ ದಾರಿ ಬಿಟ್ಟು ಉತ್ತರಕ್ಕೆ ಟ್ರಲೀಗೆ ಹೋದೆವು, ಶೀಅಮ್ಸಾ ತೀರಾದಲ್ಲಿ ಆಟ ನೋಡಲು. ಐರ್ಲೆಂಡಿನ ರಾಷ್ಟ್ರೀಯ ಜನಪದ ರಂಗತಂಡ ಇದು. 1974ರಲ್ಲಿ ಪ್ಯಾಟ್ ಅಹೆರ್ನ್ ಎಂಬ ಪಾದ್ರಿ ಶುರು ಮಾಡಿದ್ದು. ಪಾರ್ಕಿನ ಪಕ್ಕದ ಈಗಿನ ಕಟ್ಟಡ 1991ರದು, ಹಳೇ ಕಲ್ಲುಕೋಟೆಯ ಹಾಗೆ ದುಂಡಗೆ. ಹೆಸರಿನ ಅರ್ಥ ನೆಲದ ಸಂಭ್ರಮ ಅಂತ. ಮಾತು ಕಡಿಮೆ. ಹಾಡು, ಕುಣಿತ, ಮೂಕಾಭಿನಯ. ಇಂಗ್ಲಿಷ್ ವೇಗದ ಭಯ ಇಲ್ಲದೆ ನನ್ನಾಕೆ ಮೊದಲ ಸಲ ಕಾಲು ಚಾಚಿ ಕೂತಳು. ಹೊಲದ ಕೆಲಸ, ಬೆಣ್ಣೆ ಕಡೆಯುವುದು ಎಲ್ಲವೂ ತಾಳಕ್ಕೆ ಬಂದು ನಿಲ್ಲುತ್ತದೆ. ಉತ್ತರ ಕೆರಿಯಲ್ಲಿ ಮನೆ ಮನೆಗೆ ಹೋಗಿ ಕುಣಿತ ಕಲಿಸುತ್ತಿದ್ದ ಜೆರೆಮಯ ಮಾಲಿನೋ ಎಂಬ ಗುರುವಿನ ಹೆಜ್ಜೆಗಳನ್ನು ಇವರು ಉಳಿಸಿಕೊಂಡು ಬಂದಿದ್ದಾರೆ. ಪಾದ ನೆಲಕ್ಕೆ ಹತ್ತಿರವೇ ಆಡುತ್ತದೆ, ಎಗರಾಟ ಇಲ್ಲ. ಸದ್ದೇ ಮಾತು.

ಫೋಟೋ ತೆಗೆಯುವ ಹಾಗಿಲ್ಲ ಅಂತ ಬಾಗಿಲಲ್ಲೇ ಹೇಳಿದರು. ಕ್ಯಾಮೆರಾ ಚೀಲ ಕಾಲಡಿ ಇಟ್ಟುಕೊಂಡು ಕೂತೆ. ಮೊದಲ ಹತ್ತು ನಿಮಿಷ ಕೈ ತುರಿಸಿತು. ಆಮೇಲೆ ಲೈಟಿಂಗ್ ನೋಡಲು ಶುರು ಮಾಡಿದೆ. ಬದಿಯಿಂದ ಮೊಣಕಾಲಿನ ಎತ್ತರಕ್ಕೆ ಬೆಳಕು ಬಿಟ್ಟಿದ್ದರು. ಮುಖಕ್ಕಿಂತ ಪಾದಕ್ಕೆ ಜಾಸ್ತಿ. ಒಂದು ಕುಣಿತ ಮುಗಿದಾಗ ಹುಡುಗಿಯೊಬ್ಬಳು ಒಳಗೆ ಹೋಗುವ ಮುಂಚೆ ಗಲ್ಲ ಎತ್ತಿ, ಕುತ್ತಿಗೆ ನೀಳ ಮಾಡಿ ಒಂದು ಗಳಿಗೆ ನಿಂತಳು. ನಾನೂ ನನ್ನಾಕೆಯೂ ಮುಖ ಮುಖ ನೋಡಿಕೊಂಡೆವು. “ನಿಮ್ಮ ಹಕ್ಕಿ” ಅಂದಳು.

ಅಂಕ ಕೇಳುವವರಿಗೆ: ದೋಣಿಗೆ ಐದಕ್ಕೆ ನಾಲ್ಕು, ಒಂದು ಕಳೆದದ್ದು ಮೈಕಿಗೆ. ಟ್ರಲೀಯ ಆಟಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಬೆಳಕೆಲ್ಲ ಆರಿಸುವ ಕೊನೆಯ ಬ್ಲಾಕ್‌ಔಟ್ ಎರಡು ಸೆಕೆಂಡು ಬೇಗ ಬಂತು ಅಂತ. ಇದು ಬೇರೆ ಯಾರಿಗೂ ಗೊತ್ತಾಗಿರುವುದಿಲ್ಲ, ಚಿಂತೆ ಮಾಡಬೇಡಿ.

ಇನ್ನೊಂದು ಬಿಟ್ಟುಹೋಗಿತ್ತು. ಲೆನ್ಸ್ ಕವರ್ ಅಳಿಯನ ಪಾಲಾದ ಮೇಲೆ ಕ್ಯಾಮೆರಾ ನೆನೆಯದಂತೆ ಕಾದದ್ದು ನನ್ನಾಕೆಯ ಶವರ್ ಕ್ಯಾಪು. ಅವಳ ಕೈಚೀಲದಲ್ಲಿ ಯಾಕಿತ್ತೋ. ಇಲಾಸ್ಟಿಕ್ ಲೆನ್ಸಿನ ಬಾಯಿಗೆ ಅಳತೆ ತೆಗೆದು ಮಾಡಿದ ಹಾಗೆ ಕೂತಿತು, ಚಿತ್ರ ಬೇಕೆಂದಾಗ ಒಂದೇ ಬೆರಳಲ್ಲಿ ಜಾರಿಸಬಹುದು. ರಾತ್ರಿ ಸ್ನಾನಕ್ಕೆ ಹೊರಟವಳು ಕೇಳಿದಳು. ಕೊಟ್ಟೆ. ಉಪ್ಪು ಕಟ್ಟಿ ಹಪ್ಪಳದ ಹಾಗಾಗಿತ್ತು, ಹಕ್ಕಿಯದೂ ಒಂದು ಬಿಳಿ ಗುರುತು ಇತ್ತು. ಹೊಸದು ಕೊಡಿಸಬೇಕಾಯಿತು.